ಪಿಸಿಓಎಸ್ ಇದ್ದವರು ಶುಗರ್ ಪರೀಕ್ಷೆಯನ್ನು ತಾವಾಗಿಯೇ ಕೇಳಿ ಮಾಡಿಸಿಕೊಳ್ಳುವುದು ಹೇಗೆ?

ನನ್ನ ಬಳಿ ಎರಡು ರಕ್ತಪರೀಕ್ಷೆಯ ಚೀಟಿಗಳಿವೆ. ಮೊದಲನೆಯದರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 92 ಎಂದಿದೆ. ಚೀಟಿಯನ್ನು ಕೈಗಿಟ್ಟ ಲ್ಯಾಬಿನ ಹುಡುಗ "ಶುಗರ್ ಏನಿಲ್ರಿ ಅಕ್ಕಾ, ನಾರ್ಮಲ್ ಅದ" ಎಂದಿದ್ದ. ನಾನೂ ನಿಶ್ಚಿಂತಳಾಗಿ ರಾಯಚೂರಿನಿಂದ ಸಿಂಧನೂರಿನ ಬಸ್ಸು ಹತ್ತಿದ್ದೆ. ಎರಡನೆಯ ಚೀಟಿ ಅದಾದ ಮೂರು ವಾರಗಳ ನಂತರದ್ದು. ಅದರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 94, ಗ್ಲೂಕೋಸ್ ನೀರು ಕುಡಿದ ಎರಡು ಗಂಟೆಗೆ ತೆಗೆದ ರಕ್ತದಲ್ಲಿ 171. ಎರಡು ಗಂಟೆಯ ಆ ಅಂಕಿ 140ರ ಒಳಗಿರಬೇಕಿತ್ತು. ಮೊದಲ ಪರೀಕ್ಷೆಯೊಂದನ್ನೇ ನಂಬಿ ಕುಳಿತಿದ್ದರೆ ನನಗೆ ಇದು ಇನ್ನೆಷ್ಟು ವರ್ಷ ಗೊತ್ತಾಗುತ್ತಿರಲಿಲ್ಲವೋ ತಿಳಿಯದು.

ಆಗ ನನಗೆ 27 ವರ್ಷ. ಪಿಸಿಓಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ (ಹಾರ್ಮೋನುಗಳು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ), ಇದೆ ಎಂದು ತಿಳಿದು ಆರು ವರ್ಷಗಳಾಗಿದ್ದವು. ಆ ಆರು ವರ್ಷಗಳಲ್ಲಿ ಮನೆಯವರು, ನೆಂಟರು, ಕೆಲವೊಮ್ಮೆ ಚಿಕಿತ್ಸೆ ಕೊಟ್ಟವರು ಕೂಡ ಕೇಳಿದ ಪ್ರಶ್ನೆ ಒಂದೇ: ಮದುವೆ ಯಾವಾಗ, ಮದುವೆಯಾದರೆ ಮಕ್ಕಳಾಗುತ್ತವೆಯೇ? ರಕ್ತದ ಸಕ್ಕರೆಯ ಬಗ್ಗೆ ಯಾರೂ ಕೇಳಲಿಲ್ಲ, ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹೆಣ್ಣುಮಕ್ಕಳು ಆ ಪ್ರಶ್ನೆಯನ್ನು ತಾವೇ ಕೇಳುವಂತಾಗಲಿ ಎಂಬ ಆಸೆಯಿಂದ ಈ ಲೇಖನ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ವೈದ್ಯರ ಮುಂದೆ ಏನು ಕೇಳಬೇಕು, ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ಮಾತ್ರೆ ಮತ್ತು ಅದರ ಪ್ರಮಾಣವನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ನಿರ್ಧರಿಸಬೇಕು.

ಅಂಡಾಶಯಕ್ಕೂ ಸಕ್ಕರೆಗೂ ಏನು ಸಂಬಂಧ

ನಾವು ಉಂಡ ಅನ್ನ, ರೊಟ್ಟಿ ಎರಡೂ ಕೊನೆಗೆ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತವೆ. ಆ ಗ್ಲೂಕೋಸನ್ನು ಸ್ನಾಯುಗಳ ಒಳಕ್ಕೆ ಸೇರಿಸುವ ಕೆಲಸ ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುವ ಇನ್ಸುಲಿನ್ನಿನದು. ಪಿಸಿಓಎಸ್ ಇರುವ ಬಹಳಷ್ಟು ಹೆಣ್ಣುಮಕ್ಕಳಲ್ಲಿ ಸ್ನಾಯು, ಯಕೃತ್ತು ಮತ್ತು ಕೊಬ್ಬಿನ ಜೀವಕೋಶಗಳು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಇದನ್ನೇ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಒಂದು ಪಾಲು ಸಾಲದಾದಾಗ ಗ್ರಂಥಿ ಎರಡು ಪಾಲು ಸುರಿಸುತ್ತದೆ, ಸಕ್ಕರೆಯ ಮಟ್ಟ ಹೇಗೋ ಸರಿಯಾಗಿಯೇ ಉಳಿಯುತ್ತದೆ, ಆದರೆ ರಕ್ತದಲ್ಲಿ ಇನ್ಸುಲಿನ್ ತುಂಬಿಕೊಳ್ಳುತ್ತದೆ. ತೊಂದರೆ ಏನೆಂದರೆ, ಸ್ನಾಯು ಕೇಳದ ಮಾತನ್ನು ಅಂಡಾಶಯ ಕೇಳುತ್ತದೆ. ಹೆಚ್ಚಿದ ಇನ್ಸುಲಿನ್ನಿನ ಒತ್ತಡದಿಂದ ಅದು ಗಂಡಸಿನ ಹಾರ್ಮೋನುಗಳೆಂದು ಕರೆಯುವ ಆಂಡ್ರೋಜನ್‌ಗಳನ್ನು ಹೆಚ್ಚಾಗಿ ತಯಾರಿಸುತ್ತದೆ. ಆ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನಿನ ಉತ್ಪಾದನೆ ಯಕೃತ್ತಿನಲ್ಲಿ ಕಡಿಮೆಯಾಗುವುದರಿಂದ ಅದರ ಪ್ರಭಾವ ಇನ್ನೂ ಹೆಚ್ಚುತ್ತದೆ. ಗದ್ದದ ಮೇಲೆ ಕೂದಲು, ಮುಖದ ಮೊಡವೆ, ನೆತ್ತಿಯ ಕೂದಲು ತೆಳುವಾಗುವುದು, ಅಂಡಾಣು ಬಿಡುಗಡೆಯಾಗದೆ ಮುಟ್ಟು ಮುಂದೆ ಹೋಗುವುದು, ಇವೆಲ್ಲ ಅಲ್ಲಿಂದ ಬರುತ್ತವೆ.

ಹೀಗೆ ದುಡಿದು ದುಡಿದು ಗ್ರಂಥಿ ಸೋಲತೊಡಗಿದಾಗ ಅನೇಕರಲ್ಲಿ ಮೊದಲು ಏರುವುದು ಊಟದ ನಂತರದ ಸಕ್ಕರೆ. ರಾತ್ರಿಯೆಲ್ಲ ಏನೂ ತಿನ್ನದೆ ಬೆಳಿಗ್ಗೆ ತೆಗೆದ ರಕ್ತದಲ್ಲಿ ಅದು ಕಾಣಿಸದಿರಬಹುದು. ನನ್ನ ಮೊದಲ ಚೀಟಿಯಲ್ಲಿ ಆದದ್ದು ಇದೇ.

ತೆಳ್ಳಗಿರುವವರು ತಮಗಿದು ಸಂಬಂಧವಿಲ್ಲ ಎಂದುಕೊಳ್ಳಬಾರದು. ತೂಕ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು ಎಂಬುದು ನಿಜ. ಆದರೂ ತೂಕ ಸರಿಯಿರುವ ಪಿಸಿಓಎಸ್ ರೋಗಿಗಳಲ್ಲೂ ಇನ್ಸುಲಿನ್ ಪ್ರತಿರೋಧ ಕಾಣುತ್ತದೆ. ಅದರ ಮೇಲೆ ನಾವು ಭಾರತೀಯರು ಕಡಿಮೆ ತೂಕದಲ್ಲೇ, ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆಗೆ ಸಿಲುಕುವವರು. ಅದಕ್ಕಾಗಿಯೇ ನಮ್ಮ ಹೆಂಗಸರಿಗೆ ಸೊಂಟದ ಸುತ್ತಳತೆಯ ಎಚ್ಚರಿಕೆಯ ಗಡಿಯನ್ನು 80 ಸೆಂಟಿಮೀಟರಿಗೆ ಇಟ್ಟಿದ್ದಾರೆ. ಹೊಲಿಗೆಯ ಟೇಪು ಇದ್ದರೆ ಇವತ್ತೇ ಅಳೆದುಕೊಳ್ಳಿ. ಹಾಗೆಯೇ ಕತ್ತಿನ ಹಿಂಭಾಗ ಮತ್ತು ಕಂಕುಳನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಅಲ್ಲಿ ಚರ್ಮ ಕಪ್ಪಾಗಿ, ಮಖಮಲ್ಲಿನ ಹಾಗೆ ದಪ್ಪಗಾಗಿದ್ದರೆ ಅದು ಬಿಸಿಲಿನ ಕಪ್ಪಾಗಲಿ ಕೊಳೆಯಾಗಲಿ ಆಗಿರಲಾರದು, ಇನ್ಸುಲಿನ್ ಪ್ರತಿರೋಧದ ಗುರುತಾಗಿರುವ ಸಾಧ್ಯತೆ ಹೆಚ್ಚು. ನನ್ನ ಕತ್ತನ್ನು ನನ್ನ ತಾಯಿ ಕಡಲೆಹಿಟ್ಟು ಹಚ್ಚಿ ಎಷ್ಟು ಸಲ ತಿಕ್ಕಿದ್ದಾರೆಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ತಿಕ್ಕಿದರೆ ಹೋಗುವಂಥದ್ದಲ್ಲ ಅದು.

ಮೊದಲು, ಇರುವುದು ಪಿಸಿಓಎಸ್ ಹೌದೇ

ಸ್ಕ್ಯಾನಿಂಗ್ ಚೀಟಿಯಲ್ಲಿ "ನೀರುಗುಳ್ಳೆ" ಇದೆ ಎಂದ ಮಾತ್ರಕ್ಕೆ ಪಿಸಿಓಎಸ್ ಆಗುವುದಿಲ್ಲ. ಅವು ಗಡ್ಡೆಗಳೂ ಅಲ್ಲ; ಪೂರ್ತಿ ಬೆಳೆಯದೆ ನಿಂತ ಅಂಡಕೋಶಗಳು. ಮುಟ್ಟಿನ ಏರುಪೇರು, ಆಂಡ್ರೋಜನ್ ಹೆಚ್ಚಳದ ಲಕ್ಷಣ ಅಥವಾ ರಕ್ತಪರೀಕ್ಷೆಯ ಆಧಾರ, ಸ್ಕ್ಯಾನಿಂಗಿನಲ್ಲಿ ಕಾಣುವ ಅಂಡಾಶಯದ ರೂಪ, ಈ ಮೂರರಲ್ಲಿ ಎರಡು ಇರಬೇಕು ಎಂಬ ನಿಯಮ 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ನಡೆದ ತಜ್ಞರ ಸಭೆಯಿಂದ ಬಂದದ್ದು. ಹದಿಹರೆಯದ ಹುಡುಗಿಯರಲ್ಲಿ ಮೊದಲ ಎರಡೂ ಇರಬೇಕು, ಮೈನೆರೆದು ಎಂಟು ವರ್ಷ ಆಗುವ ತನಕ ಸ್ಕ್ಯಾನಿಂಗ್ ನೋಡಿ ನಿರ್ಧರಿಸುವಂತಿಲ್ಲ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ದೋಷಗಳಿಂದಲೂ ಮುಟ್ಟು ತಪ್ಪುವುದರಿಂದ ಆ ಎರಡು ಪರೀಕ್ಷೆ ಆಗಿದೆಯೇ ಎಂದು ಕೇಳಿ. ಕೆಲವೇ ತಿಂಗಳಲ್ಲಿ ಮುಖದ ತುಂಬ ಕೂದಲು ಬಂದು ಧ್ವನಿ ಗಡಸಾದರೆ ಅದನ್ನು ಪಿಸಿಓಎಸ್ ಎಂದು ಬಿಡದೆ ತಡಮಾಡದೆ ತೋರಿಸಬೇಕು.

ಯಾವ ಪರೀಕ್ಷೆ, ಹೇಗೆ ಕೇಳುವುದು

ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಪಟ್ಟಿ ಮಾಡುವುದು, ಉಪಕೇಂದ್ರದಲ್ಲಿ ಬೆರಳು ಚುಚ್ಚಿ ಶುಗರ್ ನೋಡುವುದು 30 ವರ್ಷ ದಾಟಿದವರಿಗೆ. 20ರ ಹುಡುಗಿ ಆ ಬಲೆಗೆ ಬೀಳುವುದಿಲ್ಲ. ಪಿಸಿಓಎಸ್ ಇರುವವಳಿಗೆ ಮಾತ್ರ ವಯಸ್ಸು ಎಷ್ಟೇ ಇರಲಿ, ತೂಕ ಎಷ್ಟೇ ಇರಲಿ, ರೋಗ ಪತ್ತೆಯಾದಾಗಲೇ ಸಕ್ಕರೆಯ ಪರೀಕ್ಷೆ ಆಗಬೇಕು, ಆಮೇಲೆ ಅಪಾಯದ ಮಟ್ಟಕ್ಕೆ ತಕ್ಕಂತೆ 1ರಿಂದ 3 ವರ್ಷಕ್ಕೊಮ್ಮೆ ಮತ್ತೆ ಆಗಬೇಕು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅದಕ್ಕೆ ಅತ್ಯಂತ ನಿಖರವಾದ ಪರೀಕ್ಷೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡುವುದು ಎಂದೂ ಅದೇ ಮಾರ್ಗಸೂಚಿಯಲ್ಲಿದೆ. ಅನುಕೂಲವಿಲ್ಲದಿದ್ದರೆ ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ನೋಡಬಹುದು. ಆದರೆ ಅವು ಅಷ್ಟು ನಿಖರವಲ್ಲ.

ಆದ್ದರಿಂದ ರಾಯಚೂರಿನ ರಿಮ್ಸ್ ಆಗಲಿ, ಕೊಪ್ಪಳದ ಕಿಮ್ಸ್ ಆಗಲಿ, ಜನರ ಬಾಯಲ್ಲಿ ಇಂದಿಗೂ ವಿಮ್ಸ್ ಎಂದೇ ಇರುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾಗಲಿ, ನಿಮ್ಮ ತಾಲ್ಲೂಕಿನ ಆಸ್ಪತ್ರೆಯಾಗಲಿ, ವೈದ್ಯರ ಎದುರು ಕುಳಿತಾಗ ಸುಮ್ಮನೆ "ಶುಗರ್ ಚೆಕ್ ಮಾಡ್ರಿ" ಎನ್ನಬೇಡಿ. ನಾನು ಹೇಳಿದ ಮಾತು ಇದು: "ಮೇಡಂ, ನನಗ ಪಿಸಿಓಎಸ್ ಅದ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿನ ಶುಗರ್ ನೋಡ್ಬೇಕಂತ ಅದ, ಅದನ್ನ ಬರ್ದುಕೊಡ್ರಿ." ಆ ವೈದ್ಯೆ ಬೇಸರಪಟ್ಟುಕೊಳ್ಳಲಿಲ್ಲ, ಒಂದು ಕ್ಷಣ ನನ್ನ ಮುಖ ನೋಡಿ ಬರೆದುಕೊಟ್ಟರು. ಇನ್ಸುಲಿನ್ ಮಟ್ಟವನ್ನೇ ಅಳೆಯುವ ಪರೀಕ್ಷೆಯನ್ನು ಕೆಲವು ಕಡೆ ಬರೆದುಕೊಡುತ್ತಾರೆ. ಅದು ಎಲ್ಲರಿಗೂ ಬೇಕಾದದ್ದಲ್ಲ, ಅದರಿಂದ ಚಿಕಿತ್ಸೆಯೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಇರುವ ದುಡ್ಡನ್ನು ಎರಡು ಗಂಟೆಯ ಪರೀಕ್ಷೆಗೆ ಇಟ್ಟುಕೊಳ್ಳಿ.

ಪರೀಕ್ಷೆಯ ದಿನ

ಹಿಂದಿನ ಮೂರು ದಿನ ಎಂದಿನಂತೆಯೇ ಊಟ ಮಾಡಿ. ಪರೀಕ್ಷೆ ಇದೆ ಎಂದು ಅನ್ನ, ರೊಟ್ಟಿ ಬಿಟ್ಟು ಕುಳಿತರೆ ಫಲಿತಾಂಶ ಸುಳ್ಳು ಹೇಳುತ್ತದೆ. ಜ್ವರ ಇದ್ದ ದಿನ ಬೇಡ. ಅಲರ್ಜಿಗೋ ದಮ್ಮಿಗೋ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ, ಏಕೆಂದರೆ ಅದು ಸಕ್ಕರೆಯನ್ನು ಏರಿಸುತ್ತದೆ. ರಾತ್ರಿ ಊಟದ ನಂತರ ಕನಿಷ್ಠ 8 ಗಂಟೆ ನೀರಿನ ಹೊರತು ಏನೂ ಬೇಡ. ಬೆಳಗಿನ ಚಹಾ ಕೂಡ ಬೇಡ. ನಮ್ಮ ಕಡೆ ಪರೀಕ್ಷೆ ಕೆಡುವುದೇ ಹೆಚ್ಚಾಗಿ ಈ ಅರ್ಧ ಕಪ್ಪು ಚಹಾದಿಂದ.

ಮೊದಲು ಖಾಲಿ ಹೊಟ್ಟೆಯ ರಕ್ತ ತೆಗೆಯುತ್ತಾರೆ. ಆಮೇಲೆ ಗ್ಲೂಕೋಸ್ ಪುಡಿಯನ್ನು 250ರಿಂದ 300 ಮಿಲಿ ನೀರಿನಲ್ಲಿ ಕಲಸಿ ಕೊಡುತ್ತಾರೆ. ಪೊಟ್ಟಣದ ಮೇಲೆ ಗ್ಲೂಕೋಸ್ ಮಾನೋಹೈಡ್ರೇಟ್ ಎಂದಿದ್ದರೆ ಅದರ ತೂಕ 82.5 ಗ್ರಾಂ ಇರಬೇಕು, ಆಗ ಅದು 75 ಗ್ರಾಂ ಶುದ್ಧ ಗ್ಲೂಕೋಸಿಗೆ ಸಮ. ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ಅದರ ಸಿಹಿ ಎಂಥದ್ದೆಂದರೆ, ಕಬ್ಬಿನ ಹಾಲಿಗೆ ಮತ್ತೆ ಸಕ್ಕರೆ ಸುರಿದ ಹಾಗೆ ಗಂಟಲಿಗೆ ಅಂಟುತ್ತದೆ, ಎರಡನೇ ಗುಟುಕಿಗೇ ಹೊಟ್ಟೆ ತೊಳಸುತ್ತದೆ. ನನ್ನ ಪಕ್ಕದ ಬೆಂಚಿನಲ್ಲಿದ್ದ ಮಾನ್ವಿಯ ಗರ್ಭಿಣಿಯೊಬ್ಬಳು ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ನಿಂಬೆಹಣ್ಣನ್ನು ಸಿಸ್ಟರ್ ಒಪ್ಪಿಗೆ ಪಡೆದು ತನ್ನ ಲೋಟಕ್ಕೆ ಅರ್ಧ, ನನ್ನ ಲೋಟಕ್ಕೆ ಅರ್ಧ ಹಿಂಡಿದಳು. ಅದರಿಂದಲೇ ನಾನು ಕುಡಿದು ಮುಗಿಸಿದ್ದು. ನೀವೂ ಒಂದು ನಿಂಬೆಹಣ್ಣು ಇಟ್ಟುಕೊಂಡು ಹೋಗಿ, ಕೇಳಿ ಹಿಂಡಿಕೊಳ್ಳಿ. ಕುಡಿಯಲು ಆರಂಭಿಸಿದ ಸಮಯದಿಂದ ಎರಡು ಗಂಟೆ ಎಣಿಸಬೇಕು. ಆ ಎರಡು ಗಂಟೆ ಕುಳಿತೇ ಇರಬೇಕು. ಬಜಾರಿಗೆ ಹೋಗಿ ಸೀರೆ ನೋಡಿ ಬಂದರೆ ನಡೆದ ನಡಿಗೆಯಿಂದ ಸಕ್ಕರೆ ಇಳಿದಿರುತ್ತದೆ. ವಾಂತಿಯಾದರೆ ಮುಚ್ಚಿಡದೆ ಹೇಳಿ, ಇನ್ನೊಂದು ದಿನ ಮಾಡಿಸಿಕೊಳ್ಳಬಹುದು.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ತೆಗೆದಿಟ್ಟ ರಕ್ತದಲ್ಲೂ ಜೀವಕೋಶಗಳು ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ. ಸಾದಾ ಕೊಳವೆಯಲ್ಲಿ ಕೋಣೆಯ ಉಷ್ಣಾಂಶದಲ್ಲೇ ಗಂಟೆಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆ ಕಡಿಮೆಯಾಗುತ್ತ ಹೋಗುತ್ತದೆ, ಬಿಸಿ ಹೆಚ್ಚಿದ್ದರೆ ಇನ್ನೂ ಬೇಗ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಲಿಂಗಸುಗೂರಿನಲ್ಲೋ ಕುಷ್ಟಗಿಯಲ್ಲೋ ತೆಗೆದ ರಕ್ತ ಬೈಕಿನ ಡಬ್ಬಿಯಲ್ಲಿ ಕುಳಿತು ಮಧ್ಯಾಹ್ನ ದೊಡ್ಡ ಊರಿನ ಲ್ಯಾಬಿಗೆ ಮುಟ್ಟಿದರೆ, ಇದ್ದ ಸಕ್ಕರೆ ಚೀಟಿಯಲ್ಲಿ ಕಾಣದೆ ಹೋಗಬಹುದು. ಫ್ಲೋರೈಡ್ ಇರುವ ಬೂದು ಮುಚ್ಚಳದ ಕೊಳವೆಯಲ್ಲಿ ತೆಗೆಯುತ್ತೀರಾ, ರಕ್ತವನ್ನು ಇಲ್ಲೇ ಪರೀಕ್ಷಿಸುತ್ತೀರಾ ಎಂದು ಧೈರ್ಯವಾಗಿ ಕೇಳಿ. ಬೆರಳು ಚುಚ್ಚುವ ಗ್ಲೂಕೋಮೀಟರ್ ದಿನನಿತ್ಯದ ಅಂದಾಜಿಗೆ ಒಳ್ಳೆಯದು, ರೋಗ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸಲು ಮಾತ್ರ ಅದು ಸಾಲದು.

ಎಚ್‌ಬಿಎ1ಸಿ ಪರೀಕ್ಷೆ ಸುಲಭ, ಉಪವಾಸ ಬೇಡ, ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಆದರೆ ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ಕಬ್ಬಿಣದ ಕೊರತೆ ಇದ್ದಾಗ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹೆಚ್ಚು ರಕ್ತ ಹೋಗಿದ್ದರೆ ಅಥವಾ ಕೆಂಪು ಕಣಗಳು ಬೇಗ ನಾಶವಾಗುವ ಕಾಯಿಲೆ ಇದ್ದರೆ ಕಡಿಮೆ ತೋರಿಸಬಹುದು. ಅದೇ ದಿನ ಹಿಮೋಗ್ಲೋಬಿನ್ ನೋಡಿಸಿಕೊಂಡು, ಎರಡೂ ಚೀಟಿಗಳನ್ನು ಒಟ್ಟಿಗೆ ವೈದ್ಯರ ಮುಂದಿಡಿ.

ಅಂಕಿಗಳನ್ನು ಓದುವ ಬಗೆ

ಖಾಲಿ ಹೊಟ್ಟೆಯ ಸಕ್ಕರೆ ಒಂದು ಡೆಸಿಲೀಟರಿಗೆ 100 ಮಿಲಿಗ್ರಾಂ ಒಳಗಿದ್ದರೆ ಸರಿ, 100ರಿಂದ 125 ಆದರೆ ಮಧುಮೇಹದ ಹೊಸ್ತಿಲು, 126 ಮತ್ತು ಅದಕ್ಕೂ ಮೇಲಾದರೆ ಮಧುಮೇಹ. ಗ್ಲೂಕೋಸ್ ಕುಡಿದ ಎರಡು ಗಂಟೆಗೆ 140ರ ಒಳಗೆ ಸರಿ, 140ರಿಂದ 199 ಹೊಸ್ತಿಲು, 200ರಿಂದ ಮೇಲೆ ಮಧುಮೇಹ. ಎಚ್‌ಬಿಎ1ಸಿ 5.7ರಿಂದ 6.4 ಹೊಸ್ತಿಲು, 6.5ರಿಂದ ಮೇಲೆ ಮಧುಮೇಹ. ದಾಹ, ಪದೇಪದೇ ಮೂತ್ರದಂಥ ಲಕ್ಷಣಗಳಿಲ್ಲದಿದ್ದರೆ ಒಂದೇ ಒಂದು ಚೀಟಿಯನ್ನು ನಂಬಿ ಹಣೆಪಟ್ಟಿ ಹಚ್ಚಿಕೊಳ್ಳಬೇಡಿ, ಮತ್ತೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಸಕ್ಕರೆಯ ಜೊತೆಗೇ ರಕ್ತದೊತ್ತಡ ಮತ್ತು ಕೊಲೆಸ್ಟ್ರಾಲನ್ನೂ ನೋಡಿಸಿ.

ಹೊಸ್ತಿಲ ಮೇಲಿರುವವರು ಹಿಂದಕ್ಕೆ ಬರಲು ಸಾಧ್ಯವಿದೆ. ಈ ಮಾತನ್ನು ನಾನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ತೂಕ ಹೆಚ್ಚಿರುವವರು ಅದರ ಶೇಕಡಾ 5ರಿಂದ 10ರಷ್ಟನ್ನು ಇಳಿಸಿದರೂ ಸಕ್ಕರೆಯಲ್ಲಿ, ಅನೇಕರಿಗೆ ಮುಟ್ಟಿನಲ್ಲೂ ವ್ಯತ್ಯಾಸ ಕಾಣುತ್ತದೆ. 70 ಕಿಲೋ ಇರುವವಳಿಗೆ ಅದು ಮೂರೂವರೆಯಿಂದ ಏಳು ಕಿಲೋ.

ತಾಟಿನಲ್ಲಿ ಏನಿರಬೇಕು

ಪಿಸಿಓಎಸ್‌ಗೆಂದೇ ಒಂದು ವಿಶೇಷ ಪಥ್ಯವಿಲ್ಲ. ಒಂದು ಆಹಾರಕ್ರಮ ಇನ್ನೊಂದಕ್ಕಿಂತ ಮೇಲೆಂದು ಇದುವರೆಗೆ ಸಿದ್ಧವಾಗಿಲ್ಲ. ಬಿಡದೆ ಪಾಲಿಸಬಲ್ಲ ಕ್ರಮವೇ ಒಳ್ಳೆಯ ಕ್ರಮ. ಹಾಗಾಗಿ ಬೆಂಗಳೂರಿನ ಅಂಗಡಿಗಳಿಂದ ಓಟ್ಸ್, ಬೀಜದ ಪೊಟ್ಟಣಗಳನ್ನು ತರಿಸುವ ಮುಂಚೆ ನಮ್ಮ ತಾಟನ್ನೇ ನೋಡೋಣ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯ ಹೊಲಗಳಿಗೆ ಹರಿದ ಮೇಲೆ ಜೋಳದ ನೆಲ ಭತ್ತದ ನೆಲವಾಯಿತು. ಹಬ್ಬಕ್ಕೆ ಮಾಡುತ್ತಿದ್ದ ಅನ್ನ ದಿನದ ಊಟವಾಯಿತು. ನನ್ನ ಅಜ್ಜಿಗೆ ರೊಟ್ಟಿಯೇ ಊಟ, ಅನ್ನ ಕೊನೆಯ ತುತ್ತು. ನಮಗೆ ಅದು ತಿರುಗುಮುರುಗಾಗಿದೆ.

ಎರಡನೆಯ ಚೀಟಿ ಬಂದ ವಾರ ನಾನು ಮಧ್ಯಾಹ್ನ ಎಂದಿನಂತೆ ಬಡಿಸಿಕೊಂಡ ಅನ್ನವನ್ನು ತಕ್ಕಡಿಯಲ್ಲಿಟ್ಟು ತೂಗಿದೆ. 420 ಗ್ರಾಂ ಇತ್ತು. ಬೇಯಿಸಿದ 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟ ಇರುತ್ತದೆ, ಅಂದರೆ ಆ ಒಂದು ತಾಟಿನಲ್ಲಿ ಹತ್ತಿರ ಹತ್ತಿರ 118 ಗ್ರಾಂ. ಪರೀಕ್ಷೆಗೆಂದು ಕುಡಿಸಿದ ಗ್ಲೂಕೋಸೇ 75 ಗ್ರಾಂ! ಜೊತೆಗಿದ್ದದ್ದು ತಿಳಿಸಾರು ಮತ್ತು ಎರಡು ಚಮಚ ಪಲ್ಲೆ. ಆಮೇಲೆ ರೊಟ್ಟಿಗೆ ಹಿಡಿಯುವ ಜೋಳದ ಹಿಟ್ಟನ್ನೂ ತೂಗಿದೆ: ನಮ್ಮ ಮನೆಯ ಒಂದು ರೊಟ್ಟಿಗೆ 45 ಗ್ರಾಂ, ಅದರಲ್ಲಿ ಸುಮಾರು 30 ಗ್ರಾಂ ಪಿಷ್ಟ. ಎರಡು ರೊಟ್ಟಿ ತಿಂದರೆ 60. ಜೋಳದಲ್ಲೂ ಪಿಷ್ಟವೇ ಇರುವುದು. "ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರಂಗಿಲ್ಲ" ಎಂಬುದು ತಪ್ಪು. ಆದರೆ ಅದರಲ್ಲಿ ನಾರು ಹೆಚ್ಚು, ಅಗಿದು ತಿನ್ನಬೇಕು, ಎಷ್ಟು ತಿಂದೆ ಎಂಬ ಲೆಕ್ಕ ಸಿಗುತ್ತದೆ, ಮತ್ತು ರೊಟ್ಟಿಯ ಜೊತೆ ಪಲ್ಲೆ, ಕಾಳು ತಾನಾಗಿಯೇ ಹೆಚ್ಚು ಹೋಗುತ್ತದೆ. ನನ್ನ ಮಟ್ಟಿಗೆ ಈ ಕೊನೆಯ ಕಾರಣವೇ ದೊಡ್ಡದು.

ಈಗ ನನ್ನ ತಾಟು ಹೀಗಿದೆ. ಅರ್ಧ ಭಾಗ ಪಲ್ಲೆ ಮತ್ತು ಹಸಿ ತರಕಾರಿ: ಪುಂಡಿ ಪಲ್ಲೆ, ರಾಜಗಿರಿ, ಮೆಂತ್ಯ, ಹೀರೆಕಾಯಿ, ಹಸಿ ಸೌತೆ, ಈರುಳ್ಳಿ, ಮೂಲಂಗಿ. ಕಾಲು ಭಾಗ ಕಾಳು ಅಥವಾ ಬೇಳೆ: ಮೊಳಕೆ ಕಟ್ಟಿದ ಹೆಸರು, ಮಡಕಿ, ಅಲಸಂದಿ, ಝುಣಕ, ಮಾಂಸಾಹಾರಿಗಳಿಗೆ ಮೊಟ್ಟೆ, ಮೀನು, ಕೋಳಿ. ಉಳಿದ ಕಾಲು ಭಾಗಕ್ಕೆ ಎರಡು ರೊಟ್ಟಿ, ಇಲ್ಲವೆ ಒಂದು ರೊಟ್ಟಿ ಮತ್ತು ಒಂದು ಸಣ್ಣ ಬಟ್ಟಲು ಅನ್ನ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಂದೊಂದು ಚಮಚ, ಕೆನೆಯಿಲ್ಲದ ಮಜ್ಜಿಗೆ. ಮೊದಲು ಪಲ್ಲೆ ಮತ್ತು ಕಾಳನ್ನು ತಿಂದು, ಅನ್ನವನ್ನು ಕೊನೆಗೆ ಉಂಡರೆ ಸಕ್ಕರೆಯ ಏರಿಕೆ ತಗ್ಗುತ್ತದೆ. ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ಬರುತ್ತದೆ, ಅದನ್ನು ಬಿಡಿ ಎಂದು ಯಾವ ಮನೆಗೂ ಹೇಳುವ ಹಕ್ಕು ನನಗಿಲ್ಲ. ಅನ್ನ ಇರಲಿ, ಅಳತೆಯ ಬಟ್ಟಲೊಂದು ಇರಲಿ, ಬೇಳೆ ಸ್ವಲ್ಪ ಗಟ್ಟಿಯಾಗಿರಲಿ.

ಸಂಜೆಯ ವಗ್ಗರಣಿ–ಮಿರ್ಚಿಯ ವಿಷಯಕ್ಕೆ ಬಂದರೆ ನಮ್ಮ ಜನಕ್ಕೆ ಕೋಪ ಬರುತ್ತದೆ. ಮಂಡಾಳು ಹಗುರ ಎಂದು ಎಲ್ಲರೂ ತಿಳಿದಿದ್ದಾರೆ. ತೂಕಕ್ಕೆ ಹಗುರ ಹೌದು, ಆದರೆ ಅರಳಿದ ಅಕ್ಕಿಯಾದ್ದರಿಂದ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ವಾರಕ್ಕೊಮ್ಮೆ, ಸಣ್ಣ ತಟ್ಟೆಯಲ್ಲಿ, ಹುರಿದ ಶೇಂಗಾ ಮತ್ತು ಪುಟಾಣಿ ಹೆಚ್ಚು ಹಾಕಿಕೊಂಡು ತಿನ್ನಬಹುದು. ಚಹಾದ ಸಕ್ಕರೆಯನ್ನು ಕೂಡಿಸಿ ನೋಡಿ: ದಿನಕ್ಕೆ ನಾಲ್ಕು ಕಪ್ಪು, ಕಪ್ಪಿಗೆ ಎರಡು ಚಮಚ, ಚಮಚಕ್ಕೆ ಸುಮಾರು 5 ಗ್ರಾಂ ಎಂದರೆ 40 ಗ್ರಾಂ. ಬೆಲ್ಲವೂ ಸಕ್ಕರೆಯೇ, ಬಣ್ಣ ಬೇರೆ.

ಶ್ರಾವಣ ಸೋಮವಾರ, ನವರಾತ್ರಿಯ ಉಪವಾಸಗಳಲ್ಲಿ ಸಾಬೂದಾನಿ ತಿನ್ನುವ ರೂಢಿಯಿದೆ. ಅದು ಹೆಚ್ಚುಕಡಿಮೆ ಬರೀ ಪಿಷ್ಟ. ಅದರ ಬದಲು ಶೇಂಗಾ, ಮೊಸರು, ಒಂದು ಪೇರಲ ಹಣ್ಣು ಸಾಕಾಗುತ್ತದೆ. ಮಧುಮೇಹಕ್ಕೆ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಉಪವಾಸಕ್ಕಾಗಲಿ ರೋಜಾಕ್ಕಾಗಲಿ ಮುಂಚೆ ವೈದ್ಯರನ್ನು ಕೇಳಲೇಬೇಕು, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದುಬಿಡಬಹುದು.

ನಮ್ಮ ಬಿಸಿಲಿನಲ್ಲಿ ನಡಿಗೆ

ವಾರಕ್ಕೆ 150ರಿಂದ 300 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ, ಇದು ಗುರಿ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೇ ಬಿಸಿಲು ಹೊಡೆಯುವ ಊರಿನಲ್ಲಿ ಇದಕ್ಕೆ ಇರುವ ಹೊತ್ತು ಐದೂವರೆಯಿಂದ ಏಳು. ಹೊರಗೆ ನಡೆಯಲು ಸಂಕೋಚ ಅಥವಾ ಭಯ ಇರುವವರಿಗೆ ಮಾಳಿಗೆ ಇದೆ. ಬೆಳಿಗ್ಗೆ ಆಗದಿದ್ದರೆ ಪ್ರತಿ ಊಟದ ನಂತರ ಮನೆಯೊಳಗೇ 10ರಿಂದ 15 ನಿಮಿಷ ಅಡ್ಡಾಡಿ. ಊಟದ ನಂತರ ಏರುವ ಸಕ್ಕರೆಗೆ ಇದು ನೇರವಾದ ಮದ್ದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು ಮತ್ತು ಕೂರುವುದು, ಗೋಡೆಗೆ ಅಂಗೈ ಊರಿ ಮೈಯನ್ನು ಮುಂದೆ ಹಿಂದೆ ತಳ್ಳುವುದು, ಇಷ್ಟರಿಂದ ಶುರುಮಾಡಬಹುದು. ಭತ್ತದ ಕಳೆ ತೆಗೆಯುವ, ಹತ್ತಿ ಬಿಡಿಸುವ ಅಕ್ಕಂದಿರಿಗೆ ಹಂಗಾಮಿನಲ್ಲಿ ಬೇರೆ ನಡಿಗೆ ಬೇಕಿಲ್ಲ. ಕೆಲಸವಿಲ್ಲದ ತಿಂಗಳುಗಳಲ್ಲಿ ಬೇಕು. ನಿದ್ದೆಯಲ್ಲಿ ಜೋರಾಗಿ ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ, ಅಥವಾ ಮನಸ್ಸು ಕುಗ್ಗಿ ಯಾವುದೂ ಬೇಡ ಎನಿಸುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಎರಡೂ ಪಿಸಿಓಎಸ್‌ನಲ್ಲಿ ಹೆಚ್ಚು, ಎರಡಕ್ಕೂ ಚಿಕಿತ್ಸೆ ಇದೆ.

ಮಾತ್ರೆಗಳು, ಪುಡಿಗಳು

ಮೆಟ್‌ಫಾರ್ಮಿನ್ ಬರೆದುಕೊಟ್ಟರೆ "ಇಷ್ಟು ಚಿಕ್ಕ ವಯಸ್ಸಿಗೇ ಶುಗರ್ ಗುಳಿಗಿ" ಎಂದು ಹೆದರಬೇಡಿ. ಇನ್ಸುಲಿನ್ನಿನ ಕೆಲಸವನ್ನು ಅದು ಸುಲಭಗೊಳಿಸುತ್ತದೆ, ಒಂಟಿಯಾಗಿ ತೆಗೆದುಕೊಂಡಾಗ ಸಾಮಾನ್ಯವಾಗಿ ಸಕ್ಕರೆಯನ್ನು ತೀರ ಕೆಳಗೆ ಇಳಿಸುವುದಿಲ್ಲ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ಭೇದಿ ಆಗುವುದು ಉಂಟು; ಊಟದ ಜೊತೆಗೆ, ಕಡಿಮೆ ಪ್ರಮಾಣದಿಂದ ಆರಂಭಿಸಿದರೆ ಬಹಳ ಮಂದಿಗೆ ಒಗ್ಗುತ್ತದೆ. ಒಗ್ಗಲಿಲ್ಲವೆಂದು ಸುಮ್ಮನೆ ಬಿಟ್ಟುಬಿಡದೆ ತಿಳಿಸಿ, ನಿಧಾನವಾಗಿ ಕರಗುವ ಬಗೆಯೂ ಇದೆ. ವರ್ಷಗಟ್ಟಲೆ ತೆಗೆದುಕೊಳ್ಳುವವರು ಬಿ12 ನೋಡಿಸಿಕೊಳ್ಳಬೇಕು. ಬೇಸಿಗೆಯಲ್ಲಿ ವಾಂತಿ ಭೇದಿಯಾಗಿ ನಿತ್ರಾಣವಾದರೆ ಮಾತ್ರೆ ಮುಂದುವರಿಸಬೇಕೇ ಎಂದು ಅದೇ ದಿನ ಕೇಳಿ. ಇನ್ನೊಂದು ಮಾತು: ಇದರಿಂದ ಅಂಡಾಣು ಬಿಡುಗಡೆ ಮತ್ತೆ ಶುರುವಾಗಬಹುದು, ಈಗಲೇ ಮಗು ಬೇಡವೆನ್ನುವವರು ಆ ಬಗ್ಗೆ ಎಚ್ಚರದಿಂದಿರಬೇಕು.

ಮುಟ್ಟು ಸರಿಪಡಿಸಲು ಕೊಡುವ ಹಾರ್ಮೋನು ಮಾತ್ರೆ ಸಕ್ಕರೆಗೆ ಮದ್ದಲ್ಲ; ಅದು ಬೇರೆ ಕೆಲಸಕ್ಕೆ, ಆ ಕೆಲಸವೂ ಮುಖ್ಯ. ಮೂರು ತಿಂಗಳು ಮುಟ್ಟೇ ಆಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ, ಅದನ್ನು ಹಾಗೆಯೇ ಬಿಡಬಾರದು. ಮೆಂತ್ಯ, ಹಾಗಲಕಾಯಿ ಊಟದಲ್ಲಿರಲಿ, ಆದರೆ ಮಾತ್ರೆಯ ಜಾಗದಲ್ಲಿ ಬೇಡ. ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ "ಶುಗರ್ ಪುಡಿ"ಯನ್ನು ದಯವಿಟ್ಟು ಮುಟ್ಟಬೇಡಿ. ಇಂಥ ಪುಡಿಗಳಲ್ಲಿ ಸಕ್ಕರೆ ಇಳಿಸುವ ಇಂಗ್ಲಿಷ್ ಔಷಧಿಯನ್ನೇ ಗುಟ್ಟಾಗಿ ಬೆರೆಸಿರುವುದು ಪತ್ತೆಯಾಗಿದೆ, ಎಷ್ಟು ಬೆರೆತಿದೆ ಎಂಬ ಲೆಕ್ಕ ಯಾರಿಗೂ ಇರುವುದಿಲ್ಲ.

ಬಸಿರು ಮತ್ತು ಬಾಣಂತನ

ಪಿಸಿಓಎಸ್ ಇದ್ದವರಿಗೆ ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು. ಬಹಳಷ್ಟು ಮಂದಿಗೆ ತಡವಾಗಿಯೋ ಚಿಕಿತ್ಸೆಯಿಂದಲೋ ಆಗುತ್ತವೆ. ಆದರೆ ಬಸಿರಿನಲ್ಲಿ ಸಕ್ಕರೆ ಏರುವ ಸಂಭವ ಇವರಿಗೆ ಹೆಚ್ಚು. ಮಗುವಿಗಾಗಿ ಪ್ರಯತ್ನಿಸುವ ಮುಂಚೆಯೇ ಎರಡು ಗಂಟೆಯ ಪರೀಕ್ಷೆ ಮಾಡಿಸಿ, ಫೋಲಿಕ್ ಆಮ್ಲ ಶುರುಮಾಡಿ, ಮುಖದ ಕೂದಲಿಗೆಂದು ಸ್ಪೈರನೊಲ್ಯಾಕ್ಟೋನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ ನಿಲ್ಲಿಸಿ. ಬಸಿರಾದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರಗಳ ನಡುವೆ ಮತ್ತೊಮ್ಮೆ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡುತ್ತಾರೆ. ಅಲ್ಲಿ ಲೆಕ್ಕ ಬೇರೆ: ಎರಡು ಗಂಟೆಗೆ 140 ಮುಟ್ಟಿದರೂ ಅದು ಬಸಿರಿನ ಮಧುಮೇಹ, ಚಿಕಿತ್ಸೆ ಬೇಕು.

ಹೆರಿಗೆಯಾದ ಮೇಲೆ ನಮ್ಮಲ್ಲಿ ತವರುಮನೆಯ ಬಾಣಂತನ. ಅಂಟಿನುಂಡಿ, ಬೆಲ್ಲ, ತುಪ್ಪದ ಅನ್ನ ಪ್ರೀತಿಯಿಂದ ಬರುತ್ತವೆ, ಬೇಡ ಎನ್ನಲು ಬಾಯಿ ಬರುವುದಿಲ್ಲ. ಬಸಿರಿನಲ್ಲಿ ಸಕ್ಕರೆ ಇದ್ದವರು ತಮ್ಮ ತಾಯಿಗೆ ಮೊದಲೇ ವಿಷಯ ಹೇಳಿ, ಉಂಡಿಯಲ್ಲಿ ಬೆಲ್ಲ ಕಡಿಮೆ ಮಾಡಿಸಿ, ಸಬ್ಬಸಿಗೆ, ಮೆಂತ್ಯ, ಬೇಳೆ, ಮೊಟ್ಟೆ ಹೆಚ್ಚಿಸಿಕೊಳ್ಳಬೇಕು. ಹೆರಿಗೆಯ ಆರು ವಾರಗಳ ನಂತರ ಮಗುವಿನ ಚುಚ್ಚುಮದ್ದಿಗೆ ಹೋದ ದಿನವೇ ತಾಯಿಯ ಗ್ಲೂಕೋಸ್ ಪರೀಕ್ಷೆಯೂ ಆಗಲಿ. ಹೆಚ್ಚು ತಪ್ಪಿಹೋಗುವುದು ಈ ಪರೀಕ್ಷೆಯೇ.

ಮತ್ತೆ ಯಾವಾಗ

ಎರಡು ಗಂಟೆಯ ಅಂಕಿ ಸರಿಯಿದ್ದು, ಬೇರೆ ಅಪಾಯಗಳಿಲ್ಲದಿದ್ದರೆ ಮೂರು ವರ್ಷದೊಳಗೆ ಮತ್ತೊಮ್ಮೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ, ತೂಕ ಏರುತ್ತಿದ್ದರೆ, ಬಸಿರಿನಲ್ಲಿ ಸಕ್ಕರೆ ಬಂದಿದ್ದರೆ, ಅಥವಾ ಅಂಕಿ ಹೊಸ್ತಿಲ ಮೇಲಿದ್ದರೆ ವರ್ಷಕ್ಕೊಮ್ಮೆ. ಅದರ ನಡುವೆ ವಿಪರೀತ ದಾಹ, ರಾತ್ರಿಯೆಲ್ಲ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು, ಮತ್ತೆ ಮತ್ತೆ ಕಾಡುವ ಗುಪ್ತಾಂಗದ ತುರಿಕೆ ಕಂಡರೆ ದಿನ ಎಣಿಸದೆ ಹೋಗಿ. ದಾಹದ ಜೊತೆ ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ ಸೇರಿದರೆ ಅದು ತುರ್ತು ಚಿಕಿತ್ಸೆಯ ವಿಷಯ. ಮುಟ್ಟಾದ ದಿನ, ಸೊಂಟದ ಅಳತೆ, ತೂಕ, ಪರೀಕ್ಷೆಯ ಅಂಕಿಗಳನ್ನು ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ; ಪ್ರತಿ ಸಲ ಬೇರೆ ವೈದ್ಯರು ಸಿಗುವ ದೊಡ್ಡಾಸ್ಪತ್ರೆಯಲ್ಲಿ ಆ ಪುಸ್ತಕವೇ ನಿಮ್ಮ ಪರವಾಗಿ ಮಾತಾಡುತ್ತದೆ.

ನನ್ನ ಪುಸ್ತಕದಲ್ಲಿ 171ರ ಕೆಳಗೆ, ಹದಿನಾಲ್ಕು ತಿಂಗಳ ನಂತರದ ತಾರೀಖಿನಲ್ಲಿ, 132 ಎಂದಿದೆ. ಅಕ್ಕತಂಗಿಯರಲ್ಲಿ ಒಬ್ಬಳಿಗೆ ಪಿಸಿಓಎಸ್ ಇದ್ದರೆ ಇನ್ನೊಬ್ಬಳಿಗೂ ಇರುವ ಸಂಭವ ಹೆಚ್ಚು. ನನ್ನ ತಂಗಿಗೆ ಈಗ 22, ಅವಳಿಗೂ ಮುಟ್ಟು ಎರಡು ತಿಂಗಳಿಗೊಮ್ಮೆ, ಕತ್ತಿನ ಹಿಂದೆ ಅದೇ ಕಪ್ಪು. ಬರುವ ಸೋಮವಾರ ಅವಳನ್ನು ರಾಯಚೂರಿಗೆ ಕರೆದೊಯ್ಯುತ್ತಿದ್ದೇನೆ. ಭಾನುವಾರ ರಾತ್ರಿಯ ಊಟವಾದ ಮೇಲೆ ನೀರಿನ ಹೊರತು ಏನೂ ಬೇಡವೆಂದು ಹೇಳಿದ್ದೇನೆ, ನಿಂಬೆಹಣ್ಣು ಚೀಲದಲ್ಲಿ ಇಟ್ಟಾಗಿದೆ.